ಯಾವ ಬೇಜಾರು?

ಮೈಸೂರು, 14 ಡಿಸೆಂಬರ್ 2024, ಶನಿವಾರ

ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದ ನಾನು ಮನಶ್ಶಾಸ್ತ್ರವನ್ನು ವಿಜ್ಞಾನವೆಂದು ಒಪ್ಪಿದವನಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಮಾಡಿದ ನಿಜವಾದ ಪ್ರಯೋಗವೆಂದರೆ 1935ರಲ್ಲಿ ತಮ್ಮ ಮನೆಯಿಂದ ಆರಂಭಿಸಿದ ರೇಡಿಯೊ ಕೇಂದ್ರವೇ ಎಂದು ಸ್ಟಾಫ್ ರೂಮಿನಲ್ಲಿ ಕುಹಕವಾಡುತ್ತಿದ್ದವರಲ್ಲಿ ನಾನೂ ಒಬ್ಬ.

ಇಂದು ಸಂಜೆ ತಮ್ಮನ ಮಗಳು ನನ್ನ ಮೇಜಿನ ಮೇಲೆ 42 ಪ್ರಶ್ನಾವಳಿಗಳನ್ನು ಹರಡಿದಳು. ಎಂ.ಎ. ಪ್ರಬಂಧಕ್ಕಾಗಿ ಮಂಡ್ಯದ ಬಳಿಯ ಹಳ್ಳಿಯೊಂದರಲ್ಲಿ ಆಲೆಮನೆ ಕೆಲಸದ ಹೆಂಗಸರನ್ನು ಮಾತನಾಡಿಸಿ, ಖಿನ್ನತೆಯನ್ನು ಅಳೆಯುವ ಇಂಗ್ಲಿಷ್ ಪ್ರಶ್ನೆಗಳನ್ನು ತಾನೇ ಕನ್ನಡಕ್ಕೆ ತಂದು ತುಂಬಿಸಿಕೊಂಡು ಬಂದಿದ್ದಳು. "ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ಬೇಜಾರಾಗಿತ್ತು?" ಎಂದು ಕೇಳಿದಾಗ ಕೊನೆಯಾಕೆ, "ಯಾವ್ ಬೇಜಾರವ್ವ?" ಎಂದು ತಿರುಗಿ ಕೇಳಿದಳಂತೆ. ನಮ್ಮ ಕಡೆ ಹೊತ್ತು ಹೋಗದಿದ್ದರೂ ಬೇಜಾರು, ಅತ್ತೆ ಒಂದು ಮಾತು ಅಂದರೂ ಬೇಜಾರು, ಬದುಕೇ ಸಾಕೆನಿಸಿದರೂ ಬೇಜಾರು. ಮೂರನ್ನೂ ಒಂದೇ ಅಂಕಣದಲ್ಲಿ ಕೂಡಿ ಸರಾಸರಿ ತೆಗೆದರೆ, ದಶಮಾಂಶದ ಮುಂದೆ ಎಷ್ಟು ಅಂಕಿ ಬರೆದರೂ, ಅಳೆದದ್ದು ಏನೆಂಬುದೇ ತಿಳಿಯುವುದಿಲ್ಲ.

ನೋಡು, ನಾನು ಹೇಳುತ್ತಿದ್ದುದು ಇದನ್ನೇ ಎಂದು ಶುರುಮಾಡಿ, ಎಂದಿನಂತೆ 2015ರ ಲೆಕ್ಕವನ್ನೂ ತೆಗೆದೆ: ಪ್ರಕಟವಾಗಿದ್ದ ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಶೇ. 36ರಷ್ಟರಲ್ಲಿ ಮಾತ್ರ ಸಂಖ್ಯಾಶಾಸ್ತ್ರ ಒಪ್ಪುವ ಫಲಿತಾಂಶ ಬಂದಿತ್ತು. ಮೂಲದಲ್ಲಿ ಅದು ಶೇ. 97. "ಆ ಲೆಕ್ಕ ಹಾಕಿದವರೂ ಮನಶ್ಶಾಸ್ತ್ರಜ್ಞರೇ ಅಲ್ಲವೇ ದೊಡ್ಡಪ್ಪ?" ಎಂದಳು. ಈ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಲೋಲಕದ ಪ್ರಯೋಗದಲ್ಲಿ ಗುರುತ್ವದ ಬೆಲೆ ಪುಸ್ತಕದಲ್ಲಿರುವಂತೆ 9.8 ಬರುವವರೆಗೆ ರೀಡಿಂಗ್ ತಿದ್ದುತ್ತಿದ್ದ ನನ್ನ ವಿದ್ಯಾರ್ಥಿಗಳು ನೆನಪಾದರು. ಅವರ ರೆಕಾರ್ಡಿಗೆ ಸಹಿ ಹಾಕಿದ್ದು ನಾನೇ.

ಇಡೀ ಶಾಸ್ತ್ರವನ್ನು ಒಂದೇ ತಕ್ಕಡಿಯಲ್ಲಿ ತೂಗಲು ಹೊರಟದ್ದೇ ನನ್ನ ತಪ್ಪಿರಬೇಕು. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ 1885ರಲ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ಬರೆದ, ಕಲಿತದ್ದು ಹೊತ್ತು ಕಳೆದಂತೆ ಎಷ್ಟು ಮರೆತುಹೋಗುತ್ತದೆಂದು ತೋರಿಸುವ ಮರೆವಿನ ರೇಖೆ, 2015ರಲ್ಲಿ ಮರುಪ್ರಯೋಗ ನಡೆದಾಗಲೂ ಹೆಚ್ಚುಕಡಿಮೆ ಹಾಗೆಯೇ ಬಂತು. 'ಕೆಂಪು' ಎಂಬ ಪದವನ್ನು ಹಸಿರು ಶಾಯಿಯಲ್ಲಿ ಬರೆದು ಶಾಯಿಯ ಬಣ್ಣ ಹೇಳೆಂದರೆ, ಸ್ಟ್ರೂಪ್ ಎಂಬ ಅಮೆರಿಕನ್ ಮನಶ್ಶಾಸ್ತ್ರಜ್ಞ 1935ರಲ್ಲಿ ತೋರಿಸಿದಂತೆ, ಯಾರಾದರೂ ಒಂದು ಕ್ಷಣ ತಡವರಿಸುತ್ತಾರೆ, ನಾನೂ ತಡವರಿಸಿದ್ದೇನೆ. ಆದರೆ ಮನಸ್ಸಿನ ಹತೋಟಿ ಬಳಸಿದಷ್ಟೂ ಸವೆಯುತ್ತದೆಂಬ ಪ್ರಸಿದ್ಧ ವಾದವನ್ನು 2016ರಲ್ಲಿ 23 ಪ್ರಯೋಗಾಲಯಗಳು ಒಂದೇ ಕ್ರಮದಲ್ಲಿ ಪರೀಕ್ಷಿಸಿದಾಗ ಕೈಗೆ ಬಂದದ್ದು ಹೆಚ್ಚುಕಡಿಮೆ ಸೊನ್ನೆ.

ಸೋಮವಾರ ಅವಳು ಮತ್ತೆ ಹಳ್ಳಿಗೆ ಹೋಗುತ್ತಾಳೆ. ಅಂಕ ಕೇಳುವ ಮೊದಲು, ಪ್ರತಿ ಪ್ರಶ್ನೆಯೂ ತಮಗೆ ಹೇಗೆ ಅರ್ಥವಾಯಿತೆಂದು ಹತ್ತು ಜನರ ಬಾಯಲ್ಲಿ ಹೇಳಿಸುವುದು, ಆಮೇಲೆ 'ಬೇಜಾರು' ಪ್ರಶ್ನೆಯನ್ನು ಒಡೆದು ಬರೆಯುವುದು ಎಂದು ಗೊತ್ತುಮಾಡಿಕೊಂಡೆವು. ಹಳೆಯ 42 ಹಾಳೆಗಳನ್ನು ಎಸೆದುಬಿಡಲೇ ಎಂದು ಕೇಳಿದಳು. ಬೇಡ, ಅವನ್ನು ಲೆಕ್ಕಕ್ಕೆ ಸೇರಿಸದಿದ್ದರೂ ಏಕೆ ಬಿಟ್ಟೆಯೆಂದು ಪ್ರಬಂಧದಲ್ಲಿಯೇ ಬರೆ ಎಂದು, ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟೆ.