ನೀಲಿ ಕೊಳವೆಯ ಜಾಡು ಹಿಡಿದು: ಮ್ಯೂನಿಕ್‌ನ 1972ರ ಒಲಿಂಪಿಕ್ ಊರು

ಮರಿಯನ್‌ಪ್ಲಾಟ್ಸ್‌ನಲ್ಲಿ ಯು-3 ಮೆಟ್ರೊ ಹತ್ತಿದರೆ ಒಲಿಂಪಿಯಾಸೆಂಟ್ರುಮ್ ನಿಲ್ದಾಣ ಹತ್ತು-ಹನ್ನೆರಡು ನಿಮಿಷ. ಹತ್ತುವ ಮೊದಲು ಕಾಗದದ ಟಿಕೆಟನ್ನು ಪುಟ್ಟ ಯಂತ್ರದ ಬಾಯಿಗೆ ತೂರಿಸಿ ಮುದ್ರೆ ಹಾಕಿಸಲೇಬೇಕು. ದುಡ್ಡು ಕೊಟ್ಟು ಕೊಂಡ ಟಿಕೆಟ್ ಕೈಯಲ್ಲೇ ಇದ್ದರೂ ಮುದ್ರೆ ಇಲ್ಲದಿದ್ದರೆ 60 ಯೂರೊ ದಂಡ. ಗೊತ್ತಿರಲಿಲ್ಲ ಅಂದರೆ ತಪಾಸಣೆಯವರು ಕರಗುವುದಿಲ್ಲ.

ನಿಲ್ದಾಣದಿಂದ ಹೊರಬಿದ್ದ ಜನ ಕಾರು ಕಂಪನಿಯ ಮಿರುಗುವ ಕಟ್ಟಡಕ್ಕೋ, ಸ್ಟೇಡಿಯಂ ಮೇಲೆ ಡೇರೆಯಂತೆ ಹರಡಿದ ಅಕ್ರಿಲಿಕ್ ಚಾವಣಿಯ ಕಡೆಗೋ ಹೋಗುತ್ತಾರೆ. ಚಾವಣಿ ಚೆನ್ನಾಗಿದೆ, ಸರಿ. ಆದರೆ ವಿನ್ಯಾಸ ಇನ್ನೂ ದುಡಿಯುತ್ತಿರುವುದನ್ನು ನೋಡಬೇಕೆಂದವರು ಕ್ರೀಡಾಗ್ರಾಮದತ್ತ ಹೊರಳಬೇಕು.

ಕೂಟದ ದೃಶ್ಯವಿನ್ಯಾಸದ ಹೊಣೆ ಹೊತ್ತವರು ಓಟ್ಲ್ ಐಖರ್. ತಿಳಿನೀಲಿ, ಹಸಿರು, ಹಳದಿ, ಕಿತ್ತಳೆ, ಬೆಳ್ಳಿ ಎಲ್ಲ ಇವೆ, ಕೆಂಪು ಇಲ್ಲ. 1936ರ ಬರ್ಲಿನ್ ಕೂಟದ ನಾಜಿಗಳ ಕೆಂಪು ಬಾವುಟಗಳ ನೆನಪು ಬರಬಾರದೆಂಬ ಎಚ್ಚರವದು. ಅಚ್ಚಿನ ಅಕ್ಷರಶೈಲಿಯೂ ಒಂದೇ, ಅದರ ಹೆಸರು ಯೂನಿವರ್ಸ್. ಸ್ಮರಣಿಕೆ ಕೊಳ್ಳುವವರಿಗೆ ಇದು ಒಳ್ಳೆಯ ಒರೆಗಲ್ಲು: ಲಾಂಛನ ನಾಯಿಮರಿ ವಾಲ್ಡಿಯ ಪಟ್ಟೆಯಲ್ಲಿ ಕೆಂಪು ಕಂಡರೆ ಅದು ನಕಲು. ಅಸಲಿಗೆ ತಲೆ, ಬಾಲ ತಿಳಿನೀಲಿ. ಆ ವರ್ಷದ ಮ್ಯಾರಥಾನ್ ಮಾರ್ಗವನ್ನೂ ಊರಿನ ನಕಾಶೆಯ ಮೇಲೆ ವಾಲ್ಡಿಯ ಆಕಾರದಲ್ಲೇ ಎಳೆದಿದ್ದರು!

ಒಂದೊಂದು ಆಟವನ್ನೂ ಸರಳ ಮನುಷ್ಯಾಕೃತಿಯಲ್ಲಿ ತೋರಿಸುವ ಕ್ರೀಡಾ ಚಿಹ್ನೆಗಳ ಮುಂದೆ ಸ್ವಲ್ಪ ನಿಲ್ಲಬೇಕು. ಚೌಕದೊಳಗೆ ಅಡ್ಡ, ಉದ್ದ ಗೆರೆ, ಜೊತೆಗೆ 45 ಡಿಗ್ರಿ ಓರೆ, ಅಷ್ಟೇ. ಕೈಕಾಲು ಆ ದಿಕ್ಕುಗಳಲ್ಲೇ ಚಾಚಬೇಕು. ತಲೆ ಒಂದು ದುಂಡು ಚುಕ್ಕೆ, ಮೈಗೆ ಅಂಟದೆ ಬೇರೆಯಾಗಿ ನಿಲ್ಲುತ್ತದೆ. ನಕಲು ಮಾಡುವವರು ಎಡವುವುದು ಇಲ್ಲೇ. ಮೊಣಕಾಲನ್ನು 30 ಡಿಗ್ರಿಗೆ ಬಗ್ಗಿಸಿದರೆ ಆ ಓಟಗಾರ ಉಳಿದವರ ಬಳಗಕ್ಕೆ ಸೇರುವುದಿಲ್ಲ. ತೀರಾ ಚಿಕ್ಕದಾಗಿ ಅಚ್ಚು ಹಾಕಿದರೆ ತಲೆ-ಮೈ ನಡುವಿನ ಸಂದು ಮಸಿಯಲ್ಲಿ ತುಂಬಿ ಆಟಗಾರ ಬರೀ ಕಲೆಯಾಗುತ್ತಾನೆ.

ಕ್ರೀಡಾಗ್ರಾಮದಲ್ಲಿ ಕಾರುಗಳು ನೆಲದಡಿ, ಜನ ಮೇಲೆ. ತಲೆಯ ಮೇಲ್ಗಡೆ ಕಂಬಗಳ ಮೇಲೆ ದಪ್ಪ ಬಣ್ಣದ ಕೊಳವೆಗಳು ಸಾಗುತ್ತವೆ. ವಾಸ್ತುಶಿಲ್ಪಿ ಹಾನ್ಸ್ ಹೊಲ್ಲೈನ್ ಅವುಗಳಿಗೆ ಕೊಟ್ಟ ಹೆಸರು ಮೀಡಿಯಾ ಲೈನ್ಸ್. ದೀಪವನ್ನೂ ಹೊರುತ್ತವೆ, ದಾರಿಯನ್ನೂ ತೋರಿಸುತ್ತವೆ. ಬೀದಿಗೊಂದು ಬಣ್ಣ: ಕನೊಲಿಸ್ಟ್ರಾಸೆಗೆ ನೀಲಿ, ನಾಡಿಸ್ಟ್ರಾಸೆಗೆ ಹಸಿರು, ಸ್ಟ್ರಾಸ್‌ಬೆರ್ಗರ್‌ಸ್ಟ್ರಾಸೆಗೆ ಕಿತ್ತಳೆ. ಜರ್ಮನ್ ಒಂದಕ್ಷರ ಬಾರದ ಕ್ರೀಡಾಪಟುವೂ ತಲೆಯೆತ್ತಿ ನಡೆದರೆ ತನ್ನ ಬಾಗಿಲು ಸೇರಬಹುದಿತ್ತು. ಇಳಿಬಿದ್ದ ತಾರಸಿಗಳಲ್ಲಿ ಗಿಡಬಳ್ಳಿ ದಟ್ಟವಾಗಿ ಬೆಳೆದಿವೆ. ಎಲೆಗಳ ನಡುವೆ ಕೊಳವೆ ತಪ್ಪಿಹೋದರೆ ಮುಂದಿನ ತಿರುವಿನಲ್ಲಿ ಮತ್ತೆ ಸಿಗುತ್ತದೆ. ಜನ ಈಗಲೂ ವಾಸವಿರುವ ಮನೆಗಳಿವು, ಕಿಟಕಿಗಳತ್ತ ಕ್ಯಾಮೆರಾ ಬೇಡ.

ನೀಲಿಯ ಜಾಡು ಹಿಡಿದವರು 31ನೇ ಸಂಖ್ಯೆಯ ಮನೆ ಮುಟ್ಟುತ್ತಾರೆ. 1972ರ ಸೆಪ್ಟೆಂಬರ್ 5ರ ನಸುಕಿನಲ್ಲಿ ದಾಳಿಕೋರರು ನುಗ್ಗಿದ್ದು ಇಲ್ಲಿಗೆ. ಇಸ್ರೇಲ್ ತಂಡದ 11 ಮಂದಿ ಸತ್ತರು. ಬಾಗಿಲ ಬಳಿಯ ಫಲಕದಲ್ಲಿ ಜರ್ಮನ್, ಹೀಬ್ರೂ ಬರಹವಿದೆ. ಮೇಲಿನ ಕೊಳವೆ ಅಲ್ಲಿ ನಿಲ್ಲುವುದಿಲ್ಲ, ಮುಂದಿನ ಮನೆಗಳ ಕಡೆಗೆ ಹೋಗುತ್ತದೆ.