ಡಬ್‌ಸ್ಟೆಪ್ ಕೇಳೋದಾದರೆ ತಳದಿಂದ ಶುರು ಮಾಡಿ

ತುಮಕೂರು, ಶನಿವಾರ, 16 ನವೆಂಬರ್ 2024

ಡಬ್‌ಸ್ಟೆಪ್ ಅನ್ನುವ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತ ಅಂದರೆ ಕಬ್ಬಿಣ ಕೊಯ್ಯುವ ಗರಗಸದ ಸದ್ದು ಅಂದುಕೊಂಡವರು ನಮ್ಮೂರಲ್ಲಿ ಬಹಳ ಜನ. ಅವರ ಕಿವಿಗೆ ಬಿದ್ದಿರುವುದು 2010ರಿಂದ ಈಚಿನ ಹಾಡುಗಳು, ಅದೂ ಫೋನಿನ ಸ್ಪೀಕರ್‌ನಲ್ಲಿ. ಈ ಸಂಗೀತದ ಜೀವ ಇರುವುದು 40ರಿಂದ 60 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸಿನ ಬೇಸ್‌ನಲ್ಲಿ, ಅಂದರೆ ತಳದ ತಗ್ಗು ಸದ್ದಿನಲ್ಲಿ. ಫೋನಿನ ಪುಟ್ಟ ಸ್ಪೀಕರ್ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಅರ್ಧ ಹಾಡು ಕೇಳದೆಯೇ ಇಡೀ ಹಾಡು ಚೆನ್ನಾಗಿಲ್ಲ ಅಂದುಬಿಡುತ್ತೇವೆ.

ಮೊದಲು ಸ್ಕ್ರೀಮ್ ಅನ್ನುವ ಸಂಗೀತಗಾರ ಮಾಡಿದ ‘ಮಿಡ್‌ನೈಟ್ ರಿಕ್ವೆಸ್ಟ್ ಲೈನ್’ ಹಾಕಿ. 2005ರದ್ದು. ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ನಲ್ಲಿ ಬಿಗ್ ಆ್ಯಪಲ್ ಅನ್ನುವ ರೆಕಾರ್ಡ್ ಅಂಗಡಿ ಇತ್ತು. ಸ್ಕ್ರೀಮ್, ಬೆಂಗಾ, ಹ್ಯಾಚಾ ಅನ್ನುವ ಈ ಸಂಗೀತದ ಮೊದಲಿಗರೆಲ್ಲ ಅದರ ಒಡನಾಟದಲ್ಲಿ ಬೆಳೆದವರು. ಮೇಲೆ ಓಡುವ ಆ ಸಣ್ಣ ಸ್ವರಗುಚ್ಛ ಎಂಥವರನ್ನೂ ಹಿಡಿದು ಕೂರಿಸುತ್ತದೆ. ಅದಕ್ಕೇ ಹೊಸಬರಿಗೆ ಇದೇ ಸರಿ.

ಲಯ ಸಿಗುತ್ತಿಲ್ಲ ಅನ್ನುವವರು ಆದಿತಾಳ ಹಾಕಿ ನೋಡಿ. ವೇಗ ನಿಮಿಷಕ್ಕೆ 140 ಎಣಿಕೆ, ಅಂದರೆ ಒಂದು ಆವರ್ತ ಸುಮಾರು ಮೂರೂವರೆ ಸೆಕೆಂಡು. ಕಿಕ್ (ದಪ್ಪ ಡ್ರಮ್ಮಿನ ಏಟು) ಬೀಳುವುದು ಒಂದರ ತಟ್ಟಿನ ಮೇಲೆ. ಸ್ನೇರ್ (ಚುರುಕು ಡ್ರಮ್ಮಿನ ಏಟು) ಬೀಳುವುದು ಮೂರಕ್ಕೆ, ಉಂಗುರ ಬೆರಳಿನ ಮೇಲೆ. ಮತ್ತೆ ಏಳಕ್ಕೆ, ಕೊನೆಯ ದ್ರುತದ ತಟ್ಟಿನ ಮೇಲೆ. ಮಾಮೂಲಿ ಡ್ಯಾನ್ಸ್ ಹಾಡುಗಳಲ್ಲಿ ಎರಡು, ನಾಲ್ಕು, ಆರು, ಎಂಟಕ್ಕೆಲ್ಲ ಏಟು ಬೀಳುತ್ತದೆ. ಇಲ್ಲಿ ಅರ್ಧಕ್ಕರ್ಧ ಏಟು ತೆಗೆದಿದ್ದಾರೆ. ಆ ಖಾಲಿ ಜಾಗದಲ್ಲೇ ಬೇಸ್ ಮಾತಾಡುವುದು.

ಖಾಲಿ ಜಾಗ ಎಷ್ಟು ದೊಡ್ಡದಾಗಬಹುದು ಅಂತ ತಿಳಿಯಲು ಲೋಫಾ ಅವರ ‘ಮಡ್’ ಕೇಳಬೇಕು. ಡಿಎಂಜೆಡ್ ಅನ್ನುವ ರೆಕಾರ್ಡ್ ಲೇಬಲ್‌ನಿಂದ ಬಂದದ್ದು. ಮಾಲಾ, ಕೋಕಿ, ಲೋಫಾ ಇವರೆಲ್ಲ ಸೇರಿ 2005ರಲ್ಲಿ ಬ್ರಿಕ್ಸ್‌ಟನ್‌ನಲ್ಲಿ ಅದೇ ಹೆಸರಿನ ಕ್ಲಬ್ ರಾತ್ರಿಗಳನ್ನೂ ಶುರು ಮಾಡಿದರು. ಅದೇ ಬಳಗದ ಡಿಜಿಟಲ್ ಮಿಸ್ಟಿಕ್ಸ್ ಮಾಡಿದ ‘ಆ್ಯಂಟಿ ವಾರ್ ಡಬ್’ನಲ್ಲಿ ಜಮೈಕಾದ ರೆಗೆ ನೆರಳು ದಟ್ಟವಾಗಿದೆ. ಇಡೀ ಪ್ರಕಾರದಲ್ಲಿ ಒಂದೇ ಹಾಡು ಉಳಿಸಿಕೊಳ್ಳಿ ಅಂದರೆ ನಮ್ಮ ಆಯ್ಕೆ ಇದೇ.

ಬೆಂಗಾ ಮತ್ತು ಕೋಕಿಯ ‘ನೈಟ್’ ಕುಣಿಯುವವರಿಗೆ. ಬರಿಯಲ್ ಅವರ ‘ಆರ್ಕೇಂಜೆಲ್’ (2007) ಬೇರೆಯೇ ದಾರಿ: ಸಾಲಾಗಿ ಲಯ ಜೋಡಿಸುವ ಸೀಕ್ವೆನ್ಸರ್ ಬಿಟ್ಟು, ಸೌಂಡ್ ಫೋರ್ಜ್ ಅನ್ನುವ ಎಡಿಟರ್‌ನಲ್ಲಿ ಡ್ರಮ್‌ಗಳನ್ನು ಕಣ್ಣಳತೆಯಲ್ಲಿ ಕೂರಿಸಿದ್ದಾರೆ. ಅದಕ್ಕೇ ಏಟುಗಳು ಕೂದಲೆಳೆಯಷ್ಟು ಹಿಂದೆಮುಂದೆ ಆಗುತ್ತವೆ, ಮನುಷ್ಯರು ನುಡಿಸಿದ ಹಾಗೆ.

ಇನ್ನು ಡಬ್‌ಸ್ಟೆಪ್ ಬೇಸ್‌ನ ಆ ಅಲುಗಾಡುವ ‘ವಬ್ ವಬ್’ ಸದ್ದು. ಬೇಸ್‌ನ ಎತ್ತರದ ಸದ್ದನ್ನು ಸೋಸುವ ಫಿಲ್ಟರನ್ನು ಒಂದು ನಿಧಾನ ಅಲೆ ತೆರೆದು ಮುಚ್ಚುತ್ತಿರುತ್ತದೆ, ಅಷ್ಟೆ. ಅದರ ಸೊಗಸು ನಡೆ ಬದಲಾಗುವುದರಲ್ಲಿದೆ: ಒಂದು ಎಣಿಕೆಗೆ ಮೂರು ಸಲ ತೆರೆದರೆ ತಿಶ್ರ, ಸೆಕೆಂಡಿಗೆ 7, ನಾಲ್ಕು ಸಲವಾದರೆ ಚತುರಶ್ರ, ಸೆಕೆಂಡಿಗೆ ಒಂಬತ್ತರ ಮೇಲೆ. ರಸ್ಕೋ ಅವರ ‘ಕಾಕ್ನಿ ಥಗ್’ನಲ್ಲಿ ಈ ಅಲುಗಾಟವೇ ಮುಂದೆ ಬಂದು ನಿಂತಿದೆ. ಬೈಗುಳ ಇದೆ, ಮನೆಯವರ ಮುಂದೆ ಬೇಡ.

ಇಷ್ಟಾದ ಮೇಲೆ ಸ್ಕ್ರಿಲೆಕ್ಸ್‌ನ ‘ಸ್ಕೇರಿ ಮಾನ್‌ಸ್ಟರ್ಸ್ ಆ್ಯಂಡ್ ನೈಸ್ ಸ್ಪ್ರೈಟ್ಸ್’ (2010) ಹಾಕಿ. 2012ರಲ್ಲಿ ಗ್ರ್ಯಾಮಿ ಗೆದ್ದ ಹಾಡು. ಇಲ್ಲಿ ಬೇಸ್ ತಳ ಬಿಟ್ಟು ಮಧ್ಯದ ಆವರ್ತನಗಳಿಗೆ ಏರಿದೆ, ಫೋನಿನಲ್ಲೂ ಕೇಳಿಸುತ್ತದೆ. ಅದು ಊರೂರು ಮುಟ್ಟಿದ್ದಕ್ಕೆ ಇದೂ ಒಂದು ಕಾರಣ ಅಂತ ನಮ್ಮ ನಂಬಿಕೆ. ಫ್ಲಕ್ಸ್ ಪೆವಿಲಿಯನ್‌ನ ‘ಐ ಕಾಂಟ್ ಸ್ಟಾಪ್’ ಕೂಡ ಇದೇ ಸಾಲಿನದು, ರಾಗ ಇನ್ನೂ ಚೆನ್ನಾಗಿದೆ.

ಕೇಳುವ ಬಗೆ. ಇಯರ್‌ಫೋನ್ ಆದರೆ ಸಿಲಿಕಾನ್ ತುದಿ ಕಿವಿಗೆ ಬಿಗಿಯಾಗಿ ಕೂರಬೇಕು; ಚೂರು ಸಂದಿ ಇದ್ದರೂ ಮೊದಲು ಸೋರಿಹೋಗುವುದು ಬೇಸ್. ಬೇಸ್ ಬೂಸ್ಟ್ ಆಫ್ ಮಾಡಿ. ಅದು ಸಾಮಾನ್ಯವಾಗಿ 100 ಹರ್ಟ್ಸ್ ಸುತ್ತಲಿನದನ್ನೂ ಉಬ್ಬಿಸಿ ತಳವನ್ನು ಮಸುಕು ಮಾಡುತ್ತದೆ. ಬೆಂಗಳೂರಿನ ರೈಲಿನಲ್ಲಿ ಬೇಡ, ಗಾಲಿಗಳ ಗಡಗಡ ಇದೇ ಆವರ್ತನಗಳನ್ನು ನುಂಗುತ್ತದೆ.

ಮನೆಯಲ್ಲಿ ಬೇಸ್‌ಗೆಂದೇ ಇರುವ ಸಬ್‌ವೂಫರ್ ಸ್ಪೀಕರ್ ಇದ್ದರೆ ಕೋಣೆಯ ನಡುವೆ ಕೂರಬೇಡಿ. 12 ಅಡಿ ಉದ್ದದ ಕೋಣೆಯಲ್ಲಿ 47 ಹರ್ಟ್ಸ್ ಆಸುಪಾಸಿನ ಸದ್ದು ಎದುರುಬದುರು ಗೋಡೆಗಳ ನಡುವೆ ನಿಂತ ಅಲೆಯಾಗುತ್ತದೆ, ನಡುವಿನಲ್ಲಿ ಸತ್ತು ಗೋಡೆಯ ಹತ್ತಿರ ಎದ್ದಿರುತ್ತದೆ. ಕುರ್ಚಿಯನ್ನು ಗೋಡೆ ಕಡೆ ಮೂರು ಅಡಿ ಸರಿಸಿದರೆ ಸಾಕು.

ಗಣೇಶನ ಹಬ್ಬಕ್ಕೆ ಬಾಡಿಗೆಗೆ ತರುವ 18 ಇಂಚಿನ ಬಾಕ್ಸ್‌ಗಳು ಈ ಸಂಗೀತಕ್ಕೆ ಹೇಳಿ ಮಾಡಿಸಿದವು. ಕೆಡುವುದು ಜೋಡಣೆಯಲ್ಲಿ. ಕ್ರಾಸ್‌ಓವರ್ (ಯಾವ ಸದ್ದು ಯಾವ ಸ್ಪೀಕರ್‌ಗೆ ಅಂತ ಹಂಚುವ ಸಲಕರಣೆ) 90 ಹರ್ಟ್ಸ್‌ಗೆ ಇಡಿ, 30ರ ಕೆಳಗಿನದನ್ನು ಕತ್ತರಿಸಿ. ಇಲ್ಲದಿದ್ದರೆ ಕೇಳಿಸದ ಸದ್ದಿಗೆ ಸ್ಪೀಕರಿನ ಕೋನ್ ಸುಮ್ಮನೆ ಒದ್ದಾಡಿ ಹಾಳಾಗುತ್ತದೆ. ಎರಡು ಬಾಕ್ಸ್ ಹತ್ತಿರ ಹತ್ತಿರ ಇಟ್ಟರೂ ಬೇಸ್ ತೆಳುವಾಗಿದ್ದರೆ, ಒಂದರ ಪ್ಲಸ್ ಮೈನಸ್ ಅದಲುಬದಲಾಗಿದೆಯೇ ನೋಡಿ. ಒಂದು ತಳ್ಳುವಾಗ ಇನ್ನೊಂದು ಎಳೆದು ಎರಡೂ ಅಳಿಸಿಹೋಗುತ್ತವೆ. ಪರೀಕ್ಷೆಗೆ ‘ಮಡ್’ ಹಾಕಿ: ಒಂದು ಬಾಕ್ಸ್ ತೆಗೆದಾಗ ಬೇಸ್ ಹೆಚ್ಚಾದರೆ ತಂತಿ ತಿರುಗಿಸಿ. ರಾತ್ರಿ ಹತ್ತಕ್ಕೆ ಕಾನೂನಿನ ಪ್ರಕಾರ ಧ್ವನಿವರ್ಧಕ ನಿಲ್ಲಬೇಕು, ಆದ್ದರಿಂದ ಈ ಕೆಲಸವೆಲ್ಲ ಸಂಜೆ ಬೆಳಕಿರುವಾಗಲೇ ಮುಗಿಸಿಕೊಳ್ಳಿ.