ನ್ಯೂವಾರ್ಕಿನ ಮಣ್ಣಿನ ಕೋಟೆ

ಮಗಳು ಇರೋದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಅವಳ ಮನೆಗೆ ಹೋಗಿದ್ದಾಗ ಒಂದು ಶನಿವಾರ ಇಬ್ಬರೂ ಬುತ್ತಿ ಕಟ್ಟಿಕೊಂಡು ನ್ಯೂವಾರ್ಕ್‌ಗೆ ರೈಲು ಹತ್ತಿದೆವು. ಅರ್ಧ ಗಂಟೆಯ ದಾರಿ, ಅಷ್ಟೇ. ಆದರೆ 1640ರ ದಶಕದಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದಾಗ ಈ ಎರಡೂ ಊರು ಎದುರುಬದುರು ನಿಂತಿದ್ದವು. ನಾಟಿಂಗ್‌ಹ್ಯಾಮ್ ಪಾರ್ಲಿಮೆಂಟ್ ಕಡೆ, ನ್ಯೂವಾರ್ಕ್ ರಾಜ ಒಂದನೇ ಚಾರ್ಲ್ಸ್ ಕಡೆ.

ಸ್ಟೇಷನ್ ಬಿಟ್ಟು ಟ್ರೆಂಟ್ ನದಿಯ ಸೇತುವೆಗೆ ಬಂದರೆ ಎದುರಿಗೇ ಹಳೆಯ ಕಲ್ಲಿನ ಕೋಟೆ. ನದಿ ಕಡೆಯ ಗೋಡೆ ಎತ್ತರವಾಗಿ ನಿಂತಿದೆ. ಒಳಗೆ ಹೋದರೆ ಬಹುಪಾಲು ಬರೀ ಹುಲ್ಲು. ಯುದ್ಧ ಮುಗಿದ ಮೇಲೆ ಕೆಡವಿಸಿದರು. ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಹೆದ್ದಾರಿ, ರೋಮನ್ನರ ಕಾಲದ ಫಾಸ್ ವೇ, ಈ ನದಿ, ಮೂರೂ ಇಲ್ಲೇ ಸೇರುತ್ತಿದ್ದವು. ಊರು ಯಾರ ಕೈಲಿತ್ತೋ ದಾರಿಯೂ ಅವರದೇ. ಅದಕ್ಕೇ ಇದರ ಮೇಲೆ ಮೂರು ಸಲ ಮುತ್ತಿಗೆ ಬಿತ್ತು.

ನಾನು ನೋಡಲೇಬೇಕು ಅಂದುಕೊಂಡಿದ್ದು ಕ್ವೀನ್ಸ್ ಸ್ಕಾನ್ಸ್ ಅನ್ನೋ ಮಣ್ಣಿನ ಕೋಟೆ. ಊರ ದಕ್ಷಿಣಕ್ಕೆ ಸುಮಾರು ಒಂದು ಮೈಲಿ ನಡೆದೆವು. ಡೆವನ್ ಅನ್ನೋ ಸಣ್ಣ ನದಿಯ ಪಕ್ಕ (ಊರವರ ಬಾಯಲ್ಲಿ ಅದು ಡೀವನ್) ಒಂದು ದೊಡ್ಡ ಪಾರ್ಕು. ಅದರೊಳಗೆ ನಕ್ಷತ್ರದ ಹಾಗೆ ನಾಲ್ಕು ಮೂಲೆ ಚಾಚಿದ ಮಣ್ಣಿನ ದಿಬ್ಬ. ರಾಣಿ ಹೆನ್ರಿಯೆಟಾ ಮರಿಯಾ ಹೆಸರಿನದು. ಊರಿನ ಇನ್ನೊಂದು ತುದಿಯಲ್ಲಿ ರಾಜನ ಹೆಸರಲ್ಲೂ ಇಂಥದೇ ಒಂದಿತ್ತು, ಈಗಿಲ್ಲ.

ಕೋಟೆ ಅಂದರೆ ಕಲ್ಲು ಅಂತಲೇ ಅಂದುಕೊಂಡು ಬೆಳೆದವಳು ನಾನು. ಇಲ್ಲಿ ಕಂದಕಕ್ಕೆ ಇಳಿದು ತಲೆ ಎತ್ತಿ ನೋಡಿದಾಗ ಮಣ್ಣಿನ ಗಟ್ಟಿತನ ಗೊತ್ತಾಯಿತು. ಫಿರಂಗಿ ಗುಂಡು ಬಡಿದರೆ ಕಲ್ಲು ಸಿಡಿಯುತ್ತೆ. ಮಣ್ಣಾದರೆ ಗುಂಡನ್ನೇ ನುಂಗಿಕೊಳ್ಳುತ್ತೆ. ಕಂದಕದಿಂದ ತೆಗೆದ ಮಣ್ಣೇ ಮೇಲಿನ ದಿಬ್ಬ. ಒಂದು ಮೂಲೆಯ ಬುಡಕ್ಕೆ ಶತ್ರು ಬಂದರೆ ಪಕ್ಕದ ಮೂಲೆಯಿಂದ ಹೊಡೆಯಬಹುದು, ಅಡಗಿಕೊಳ್ಳೋಕೆ ಜಾಗವೇ ಇಲ್ಲ. ಮಗಳು ಒಂದು ಮೂಲೆಯಲ್ಲಿ ನಿಂತು ಕೈ ಬೀಸಿದಳು. ನಾನು ಎರಡನೆಯದರ ಬುಡದಲ್ಲಿದ್ದೆ. ಪೂರ್ತಿ ಕಾಣುತ್ತಿದ್ದೆನಂತೆ.

ಕೊನೆಯ ಮುತ್ತಿಗೆ 1645ರ ನವೆಂಬರಿನಲ್ಲಿ ಶುರುವಾಯಿತು. ಸ್ಕಾಟ್‌ಲೆಂಡಿನವರೂ ಪಾರ್ಲಿಮೆಂಟಿನವರೂ ಸೇರಿ ಸುಮಾರು 16,000 ಸೈನಿಕರು ಸುತ್ತುವರಿದರು. ನುಗ್ಗೋಕೆ ಆಗದಿದ್ದಾಗ ನೀರಿಗೇ ಕೈ ಹಾಕಿದರು. ಒಡ್ಡು ಕಟ್ಟಿ ಹರಿವು ತಿರುಗಿಸಿ, ಊರಿನ ಗಿರಣಿಗಳು ನಿಲ್ಲುವ ಹಾಗೆ ಮಾಡಿದರು. ಇಷ್ಟು ದಿನ ಕಾಪಾಡಿದ ನದಿಯನ್ನೇ ಊರಿನಿಂದ ಕಿತ್ತುಕೊಂಡರಲ್ಲ ಅಂತ ಹೊಟ್ಟೆ ಚುರ್ ಅಂದಿತು. ಹಿಟ್ಟಿಲ್ಲ ಅಂದರೆ ಮನೆಯಲ್ಲಿ ಮಕ್ಕಳ ಗತಿ ಏನು?

ಸಂಜೆ ನ್ಯಾಷನಲ್ ಸಿವಿಲ್ ವಾರ್ ಸೆಂಟರಿನಲ್ಲಿ ಆ ದಿನಗಳ ನಾಣ್ಯ ನೋಡಿದೆವು. ದುಂಡಗಿಲ್ಲ, ಶಂಕರಪೋಳಿ ಆಕಾರ. ಸೈನಿಕರಿಗೆ ಸಂಬಳ ಕೊಡೋಕೆ ದುಡ್ಡಿರಲಿಲ್ಲ. ಬೆಳ್ಳಿ ತಟ್ಟೆ-ಬಟ್ಟಲು ಕತ್ತರಿಸಿ ನಾಣ್ಯ ಒತ್ತಿದರು. ವೃತ್ತ ಕತ್ತರಿಸಿದರೆ ಚೂರು ಉಳಿಯುತ್ತೆ, ಈ ಆಕಾರದಲ್ಲಿ ಜಾಸ್ತಿ ಏನೂ ದಂಡವಾಗಲ್ಲ. ಶಂಕರಪೋಳಿ ಕತ್ತರಿಸಿದ ಯಾರಿಗಾದರೂ ಇದು ಗೊತ್ತು. ಒಂದು ಕಡೆ ಕಿರೀಟ, ಇನ್ನೊಂದು ಕಡೆ ಊರಿನ ಹೆಸರು, ಇಸವಿ. ಗಾಜಿನ ಮುಂದೆ ತುಂಬಾ ಹೊತ್ತು ನಿಂತೆ. ಯಾರ ಮನೆಯ ತಟ್ಟೆಯೋ.

ಅಷ್ಟಾದರೂ ಊರು ಸೋಲಲಿಲ್ಲ. 1646ರ ಮೇ ತಿಂಗಳಲ್ಲಿ ರಾಜನೇ ಹೋಗಿ ಸ್ಕಾಟ್ ಸೈನ್ಯಕ್ಕೆ ಶರಣಾಗಿ, ನ್ಯೂವಾರ್ಕ್ ಬಿಟ್ಟುಕೊಡಿ ಅಂತ ಅಪ್ಪಣೆ ಕೊಟ್ಟ. ಆಮೇಲೆ, ಕಟ್ಟಿದ್ದನ್ನೆಲ್ಲ ಕೆಡವಿ ಅಂತ ಊರಿನವರಿಗೇ ಹೇಳಿದರು. ಆಗ ಊರಲ್ಲಿ ಪ್ಲೇಗ್. ಅದಕ್ಕೇ ಕೆಲಸ ಅರ್ಧಕ್ಕೆ ನಿಂತು ಈ ಸ್ಕಾನ್ಸ್ ಉಳಿಯಿತು ಅನ್ನುತ್ತಾರೆ.

ರೈಲು ಹೊರಟಾಗ ಮಗಳು ನದಿ ಕಡೆಯ ಕಿಟಕಿ ಬಿಟ್ಟುಕೊಟ್ಟಳು. ಕೋಟೆಯ ಗೋಡೆ ಮರೆಯಾಗುವವರೆಗೂ ನೋಡುತ್ತಲೇ ಇದ್ದೆ. ಚಪ್ಪಲಿಯಲ್ಲಿ ಇನ್ನೂ ಕಂದಕದ ಮಣ್ಣಿತ್ತು.